ಮೊದಲ ಚೀಟಿ

ಹರೆಯದ ಬದಲಾವಣೆಗಳ ಪಾಠ ಬಂತೆಂದರೆ ಹರಿಹರ ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆಲ್ಲ ಪೇಟೆಯಲ್ಲಿ ತುರ್ತು ಕೆಲಸ ಹುಟ್ಟಿಕೊಳ್ಳುತ್ತದೆ. ಹೇಡಿಗಳು! ಪ್ರತಿವರ್ಷ ಎಂಟನೇ ತರಗತಿಗೆ ಹೋಗುವವಳು ನಾನೇ. ಮಕ್ಕಳು ಹೆಸರಿಲ್ಲದೆ ಪ್ರಶ್ನೆ ಬರೆದು ಖಾಲಿ ಚಾಕ್‌ಪೀಸ್ ಡಬ್ಬಿಗೆ ಹಾಕುತ್ತಾರೆ. ಯಾರಾದರೂ ಒಬ್ಬರು ಎತ್ತಿ ಓದುತ್ತಾರೆ, ನಾನು ಉತ್ತರ ಹೇಳುತ್ತೇನೆ. ಮೊದಲ ಚೀಟಿ ಹಾಕಲು ಎಲ್ಲರಿಗೂ ನಾಚಿಕೆ. ಅದಕ್ಕೇ ಒಂದನ್ನು ನಾನೇ, ಅಕ್ಷರ ಸೊಟ್ಟ ಮಾಡಿ, ಮೊದಲೇ ಬರೆದು ಹಾಕಿರುತ್ತೇನೆ.

ಈ ವರ್ಷ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ನಾನೊಬ್ಬಳೇ ಇರುವ ಮನೆಯಲ್ಲಿ, ಬೆಳಗಿನ ಚಹಾ ಕುಡಿಯುತ್ತಾ ಆ ಚೀಟಿ ಬರೆಯಲು ಕೂತೆ. ಏನೂ ತೋಚದೆ ನಿಜವನ್ನೇ ಬರೆದೆ: 'ಮುಟ್ಟು ನಿಲ್ಲೋ ಕಾಲ ಬಂದೈತೆ. ಇದ್ದಕ್ಕಿದ್ದಂಗೆ ಮೈಯೆಲ್ಲ ಉರಿತೈತೆ, ಅಳು ಬರ್ತೈತೆ. ಯಾರನ್ನ ಕೇಳ್ಲಿ?' ಮಕ್ಕಳು ಕೇಳುವ ಪ್ರಶ್ನೆ ಇದಲ್ಲವೆಂದು ಗೊತ್ತಿತ್ತು. ಆದರೂ ಹಾಕಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನೇ ಎತ್ತಿ ಗಟ್ಟಿಯಾಗಿ ಓದಿದಳು. ಯಾರೂ ನಗಲಿಲ್ಲ. ನಾನು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡೆ. ಅವಳು ಚೀಟಿಯನ್ನು ಇನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದಳು.

"ನಮ್ಮವ್ವಗೂ ಹಂಗೇ ಆಗ್ತೈತ್ರಿ ಟೀಚರ್. ನಾನು ಬೀಸಣಿಗೆ ಹಿಡ್ಕಂಡು ಪಕ್ಕದಾಗೆ ಕುಂತ್ಕಂತೀನಿ. ನಿಮ್ಮ ಮನ್ಯಾಗೆ ಯಾರು ಕುಂತ್ಕಂತಾರ್ರಿ?"