ಬೀರುವಿನಲ್ಲಿ ಬೀಗ ಹಾಕಿಟ್ಟ ಪಂಪ್

ಇವತ್ತು ಚಿಕ್ಕಮಗಳೂರಿನ ಮೈದಾನದಲ್ಲಿ ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು, ಎಲ್ಲರೆದುರೇ ದಮ್ಮಿನ ಪಂಪ್ ಬಾಯಿಗಿಟ್ಟು ಎಳೆದುಕೊಂಡಳು. ನನಗೆ ದೊಡ್ಡಪ್ಪನ ಮೇಲಿನ ಹಳೇ ಸಿಟ್ಟು ಕೆರಳಿತು.

ಹೈಸ್ಕೂಲಿನಲ್ಲಿದ್ದಾಗ ಓಡಿದರೆ ಸಾಕು, ನನ್ನ ಎದೆ ಸಿಳ್ಳೆ ಹೊಡೆಯುತ್ತಿತ್ತು. ಬಾಳೂರಿನ ನಮ್ಮ ಮನೆಗೆ ಅಕ್ಕನನ್ನು ನೋಡಲು ಗಂಡಿನವರು ಬಂದ ದಿನ ದೊಡ್ಡಪ್ಪ ನನ್ನ ಪಂಪನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಗಂಡಿನ ತಮ್ಮ ಕಾಫಿ ಒಣಗಿಸುವ ಕಣದಲ್ಲಿ ವಾಲಿಬಾಲ್ ಆಡಲು ಕರೆದ. ಸ್ವಲ್ಪ ಹೊತ್ತಿಗೇ ಉಸಿರು ಕಟ್ಟಿತು. ಒಳಗೆ ಬಂದು ಪಂಪ್ ಕೇಳಿದೆ.

“ಸುಮ್ನಿರೋ ಮಾರಾಯ, ಅವ್ರು ಹೋಗ್ಲಿ. ನಿಂಗೆ ದಮ್ಮು ಅಂತ ಗೊತ್ತಾದ್ರೆ ಹುಡುಗಿಗೂ ಇದೆ ಅಂತಾರೆ,” ಎಂದು ದೊಡ್ಡಪ್ಪ ಹಲ್ಲು ಕಚ್ಚಿದರು.

ಅಕ್ಕ ಕಾಫಿ ತಟ್ಟೆ ಕೆಳಗಿಟ್ಟಳು. “ದೊಡ್ಡಪ್ಪ, ಕೀಲಿ ಕೊಡಿ. ಹೌದು, ಇವ್ನಿಗೆ ದಮ್ಮು. ನೋಡೋರು ನೋಡ್ಲಿ.”

ಪಂಪ್ ಸಿಕ್ಕಿತು; ಆದರೆ ಮಾತು ಗಂಡಿನವರ ಕಿವಿಗೂ ಬಿದ್ದು ಸಂಬಂಧ ಮುರಿಯಿತು. ಮುರಿದವನು ನಾನೇ ಎಂದು ದೊಡ್ಡಪ್ಪ ಸಾಯುವವರೆಗೂ ಊರೆಲ್ಲ ಹೇಳಿಕೊಂಡು ತಿರುಗಿದರು. ಅವರ ತಿಥಿಯ ಊಟಕ್ಕೆ ನಾನು ಇವತ್ತಿಗೂ ಹೋಗುವುದಿಲ್ಲ.