ನನ್ನ ಕೈಚಳಕ, ದೇವರ ಕೈಬರಹ

ಹೈದರಾಬಾದಿನ ಬೇಗಂ ಬಜಾರಿನ ಸಗಟು ಅಂಗಡಿಯಲ್ಲಿ ಇಸ್ಪೀಟು ಕಟ್ಟುಗಳನ್ನು ಡಜನ್ ಲೆಕ್ಕದಲ್ಲಿ ಕೊಳ್ಳುವ ಮುದುಕನನ್ನು ಜನ ಒಂದು ವಿಶೇಷವಾದ ಅನುಕಂಪದಿಂದ ನೋಡುತ್ತಾರೆ. ಅದೇ ಮುದುಕ ಅಲ್ಲಿಯೇ ಒಂದು ಡಜನ್ ಊದುಬತ್ತಿ ಕೊಂಡರೆ ಭಕ್ತ. ಒಂದು ಡಜನ್ ಸ್ಟೀಲಿನ ಲೋಟ ಕೊಂಡರೆ ಮನೆಯಲ್ಲಿ ಮದುವೆ. ಇಸ್ಪೀಟು ಕೊಂಡರೆ ಮಾತ್ರ ಅವನ ಹೆಂಡತಿಯ ಕೊರಳ ಚಿನ್ನ, ಮಕ್ಕಳ ಭವಿಷ್ಯ ಎಲ್ಲವೂ ಅಂಗಡಿಯವನ ಕಣ್ಣ ಮುಂದೆ ಒಂದು ಕ್ಷಣ ಮೆರವಣಿಗೆ ಹೋಗುತ್ತವೆ. ಮೊನ್ನೆ ಕಟ್ಟುಗಳನ್ನು ಕಾಗದದಲ್ಲಿ ಸುತ್ತುತ್ತ ಅವನು ದನಿ ತಗ್ಗಿಸಿ, “ಚಾಚಾ, ಘರ್ ಮೇ ಮಾಲೂಮ್ ಹೈ ನಾ?” ಎಂದು ಕೇಳಿದ. ಮನೆಯಲ್ಲಿ ಎಲ್ಲರಿಗೂ ಗೊತ್ತು ಎಂದೆ. ಅವನು ನಂಬಲಿಲ್ಲ. ನನ್ನ ಪೂರ್ವಚರಿತ್ರೆಯನ್ನು ನೋಡಿದರೆ ನಂಬದಿದ್ದದ್ದೇ ಸರಿ ಎಂದು ನನಗೂ ಅನ್ನಿಸಿತು.

ನಾನು ಜೂಜುಕೋರನಲ್ಲ, ಅದಕ್ಕೆ ಬೇಕಾದ ಧೈರ್ಯ ನನ್ನಲ್ಲಿ ಎಂದೂ ಇರಲಿಲ್ಲ. ನಾನು ಜಾದೂ ಮಾಡುತ್ತೇನೆ. ಮೆಟ್ರಿಕ್ ಮುಗಿಸಿ ಈ ಊರಿಗೆ ಬಂದವನು, ನಾಚಾರಂನ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳ ಅಳತೆ ನೋಡಿ ಸರಿಯಾದದ್ದನ್ನು ಬಲಕ್ಕೂ ಸರಿಯಿಲ್ಲದ್ದನ್ನು ಎಡಕ್ಕೂ ಹಾಕುತ್ತ ಆಯುಷ್ಯದ ಮುಖ್ಯ ಭಾಗವನ್ನು ಕಳೆದೆ. ನಿವೃತ್ತಿಯಾದ ಮೇಲೆ ಮನಸ್ಸು ಹೇಗೋ ಸುಮ್ಮನಾಯಿತು, ಕೈಗಳು ಮಾತ್ರ ಸುಮ್ಮನಾಗಲಿಲ್ಲ. ಆಗ ಫೋನಿನ ವಿಡಿಯೋದಲ್ಲಿ ನನಗೊಬ್ಬ ಗುರು ದೊರೆತ. ಅವನ ಇಂಗ್ಲಿಷ್ ನಾನು ಹಿಡಿಯಲಾರದಷ್ಟು ವೇಗದ್ದು. ವೇಗವನ್ನು ಅರ್ಧಕ್ಕಿಳಿಸಿದರೆ ಕೈಗಳೇನೋ ಕಾಣುತ್ತಿದ್ದವು, ಆದರೆ ಗುರುವು ಕಂಠಮಟ್ಟ ಕುಡಿದು ಪಾಠ ಹೇಳುತ್ತಿರುವಂತೆ ಕೇಳುತ್ತಿತ್ತು. ಕೊನೆಗೆ ದನಿಯನ್ನೇ ಮುಚ್ಚಿ, ಮೂಕ ಗುರುವಿನ ಮೂಢ ಶಿಷ್ಯನಾಗಿ, ಅಂಗೈಯಲ್ಲಿ ಇಸ್ಪೀಟಿನ ಎಲೆ ಅಡಗಿಸುವುದನ್ನು ಒಂದು ವರ್ಷ ಕಲಿತೆ. ಎಲೆ ಅಡಗಿಸುವುದು ದೊಡ್ಡದಲ್ಲ. ಏನೂ ಅಡಗಿಸಿಲ್ಲದವನ ಮುಖವನ್ನು ಇಟ್ಟುಕೊಳ್ಳುವುದು ದೊಡ್ಡದು. ನನ್ನ ಹೆಂಡತಿ ಶಾಂತಾಳ ಮುಂದೆ ಆ ಮುಖ ಇಂದಿಗೂ ನಡೆಯುವುದಿಲ್ಲ. ಅವಳು ಸೊಪ್ಪು ಸೋಸುತ್ತ, ತಲೆ ಎತ್ತದೆಯೇ, “ಎಡಗೈಯಾಗ ಐತಿ, ತಗೀರಿ” ಎಂದುಬಿಡುತ್ತಾಳೆ.

ಆಮೇಲೆ ಮನಸ್ಸು ಓದುವ ವಿದ್ಯೆಗೆ ಕೈಹಾಕಿದೆ. ಇದರ ಗುಟ್ಟು ತಿಳಿದರೆ ನಿಮಗೆ ನಿರಾಸೆಯಾಗಬಹುದು. ಮನುಷ್ಯರ ಮನಸ್ಸನ್ನು ಓದುವ ಅಗತ್ಯವೇ ಇಲ್ಲ, ಬಹುಪಾಲು ಮನಸ್ಸುಗಳಲ್ಲಿ ಒಂದೇ ಪಾಠ ಅಚ್ಚಾಗಿರುತ್ತದೆ. ಒಂದರಿಂದ ಹತ್ತರೊಳಗೆ ಒಂದು ಸಂಖ್ಯೆ ನೆನೆಯಿರಿ ಎಂದರೆ ಏಳು ಎನ್ನುವವರೇ ಹೆಚ್ಚು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಒಂದು ಸಿಹಿ ನೆನೆಸಿಕೊಳ್ಳಿ ಎಂದರೆ ಹೋಳಿಗೆಯೇ ಗತಿ. ಹಿಮಾಯತ್‌ನಗರದ ಒಂದು ಸಭಾಂಗಣದಲ್ಲಿ ನಮ್ಮ ಕನ್ನಡದ ಮನೆಗಳವರು ದೀಪಾವಳಿಗೆ ಸೇರಿದ್ದಾಗ, ‘ಹೋಳಿಗೆ’ ಎಂದು ಮೊದಲೇ ಬರೆದ ಲಕೋಟೆಯನ್ನು ಎತ್ತಿ ಹಿಡಿದು, ಗಂಭೀರವಾಗಿ ಕಣ್ಣು ಮುಚ್ಚಿ, ಒಬ್ಬ ಹೊಸ ಸೊಸೆಯನ್ನು ಕೇಳಿದೆ. ಅವಳು ಇದೇ ಊರಲ್ಲಿ ಹುಟ್ಟಿ ಬೆಳೆದವಳು. “ಡಬಲ್ ಕಾ ಮೀಠಾ, ಅಂಕಲ್” ಎಂದಳು. ನಾನು ಲಕೋಟೆಯನ್ನು ತೆರೆಯದೆ ಜೇಬಿಗೆ ಹಾಕಿಕೊಂಡು, ಇದು ಮುಂದಿನ ವರ್ಷದ ಪ್ರಶ್ನೆಗೆ ಉತ್ತರ ಎಂದೆ. ಅಂದಿನ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು.

ಇಂಥ ಕಲಾವಿದನಿಗೆ ಒಬ್ಬ ಒಳ್ಳೆಯ ಪ್ರೇಕ್ಷಕ ಬೇಕು. ನನಗೆ ಸಂಗಪ್ಪನಿದ್ದ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನವನು, ಒಂದೇ ಸ್ಕೂಟರಿನಲ್ಲಿ ನನ್ನ ಹಿಂದೆ ಕುಳಿತು ಕೆಲಸಕ್ಕೆ ಬಂದವನು, ಈಗ ನಮ್ಮ ಕಟ್ಟಡದಲ್ಲಿಯೇ ಮೇಲಿನ ಮಹಡಿಯವನು. ಅವನ ಮನಸ್ಸಿನಲ್ಲಿ ಸಂಶಯಕ್ಕೆ ದೇವರು ಜಾಗವನ್ನೇ ಇಟ್ಟಿರಲಿಲ್ಲ. ಅವನು ಆರಿಸಿಕೊಂಡ ಆಟೀನ್ ರಾಣಿಯನ್ನು ಅವನದೇ ಅಂಗಿಯ ಜೇಬಿನಿಂದ ನೂರಾರು ಸಲ ತೆಗೆದಿದ್ದೇನೆ, ನೂರನೆಯ ಸಲವೂ ಅವನು ಎರಡು ಕೈಯಲ್ಲಿ ತಲೆ ಹಿಡಿದುಕೊಂಡು, “ಯಪ್ಪಾ! ಹೆಂಗೋ ಗುರ್ಯಾ! ನಿನ್ನ ಕೈಯಾಗ ದೆವ್ವ ಐತೋ!” ಎನ್ನುತ್ತಿದ್ದ. ಗುರಪ್ಪ ಎಂಬ ನನ್ನ ಹೆಸರು ಅವನ ಬಾಯಲ್ಲಿ ಗುರ್ಯಾ. ಅಂಥ ಪ್ರೇಕ್ಷಕ ಒಂದು ಜನ್ಮಕ್ಕೆ ಒಬ್ಬ ಸಿಗುತ್ತಾನೆ. ನಾನು ಮಾಡಿದ ತಪ್ಪಿಗೆ ಕಾರಣ ಇಷ್ಟೇ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಆದರೆ ಕಾರಣ ಇಷ್ಟೇ.

ಆರು ವರ್ಷಗಳ ಹಿಂದೆ ಸಂಗಪ್ಪನ ಹೆಂಡತಿ ನೀಲಾ ವೈನಿ, ಇನ್ನು ಗದಗಿಗೆ ಹೋಗಿ ಇರೋಣ ಎಂದರು. ಗದಗಿನಲ್ಲಿ ಅವರ ಅಕ್ಕ ಗಂಗಕ್ಕ ಇದ್ದಾಳೆ. ಗಂಡನಿಲ್ಲ, ಮಕ್ಕಳಿಲ್ಲ, ಅವಳ ಮನೆಯಲ್ಲಿ ಎರಡು ಕೋಣೆ ಖಾಲಿ. ಸಂಗಪ್ಪನಿಗೆ ಇತ್ತ ಇರುವುದೋ ಅತ್ತ ಹೋಗುವುದೋ ತಿಳಿಯದು. ಸ್ಕೂಟರಿನ ಬಣ್ಣವನ್ನು ಆರಿಸಲಾರದೆ ಕೊನೆಯವರೆಗೂ ನನ್ನ ಸ್ಕೂಟರಿನ ಹಿಂದೆಯೇ ಕುಳಿತು ಬಂದ ಮನುಷ್ಯ ಅವನು. ಕೊನೆಗೆ, ನಮ್ಮಲ್ಲಿ ದಿಕ್ಕು ತೋಚದಿದ್ದಾಗ ಮಾಡುವಂತೆ, ಜಗಲಿಯ ಮುಂದೆ ಚೀಟಿ ಹಾಕುವುದೆಂದು ತೀರ್ಮಾನವಾಯಿತು.

ಜಗಲಿ ಎಂದರೆ ನಮ್ಮ ಮನೆಗಳಲ್ಲಿ ದೇವರು ಕೂಡುವ ಕಟ್ಟೆ. ಸೋಮವಾರ ಮಡಿಯಲ್ಲಿ ಎರಡು ಚೀಟಿ ಬರೆದು, ನಾಲ್ಕು ಮಡಿಕೆ ಮಡಚಿ, ವಿಭೂತಿ ಹಚ್ಚಿ, ವೀರಭದ್ರ ದೇವರ ಮುಂದೆ ಬಿಲ್ವಪತ್ರಿಯ ಕೆಳಗೆ ಇಡುತ್ತಾರೆ. ಹೊರಗಿನವರೊಬ್ಬರು ಒಂದನ್ನು ಎತ್ತುತ್ತಾರೆ. ಎತ್ತಿದ್ದು ದೇವರ ಮಾತು. ಇನ್ನೊಂದನ್ನು ಯಾರೂ ಬಿಚ್ಚಬಾರದು. ಬಿಚ್ಚಿದರೆ ದೇವರನ್ನು ನಂಬಲಿಲ್ಲವೆಂದಾಗುತ್ತದೆ. ಅದನ್ನು ನೀರಲ್ಲಿ ಕಲಸಿ ಗಿಡದ ಬುಡಕ್ಕೆ ಹಾಕುತ್ತಾರೆ. ಜಾದೂ ಕಲಿತವನ ಕಿವಿಗೆ ಈ ಕೊನೆಯ ನಿಯಮ ಎಷ್ಟು ಇಂಪಾಗಿ ಕೇಳಿಸುತ್ತದೆಂದು ನೀವೇ ಊಹಿಸಿ.

ಚೀಟಿ ಎತ್ತಲು ಸಂಗಪ್ಪ ನನ್ನನ್ನೇ ಕರೆದ. ಶಾಂತಾ ನಗೆಯಾಡಿದಳು: “ಈ ಕೈ ನಂಬತೀರೇನ್ರಿ?” ಸಂಗಪ್ಪನಿಗೆ ಸಿಟ್ಟೇ ಬಂತು. “ಜಗಲಿ ಮುಂದ ಯಾರ್ ಜಾದೂ ಮಾಡ್ತಾರವ್ವಾ? ಅವನೇನು ಅಷ್ಟು ಹಲ್ಕಾ ಮನಿಶ್ಯಾ ಅಲ್ಲ” ಎಂದ.

ನಾನು ಅಷ್ಟು ಹಲ್ಕಾ ಮನುಷ್ಯನೇ ಆಗಿದ್ದೆ. ವೈನಿ ಚೀಟಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿ ಬಳಸುತ್ತಾರೆಂದು ಬಲ್ಲೆ. ಅದೇ ಕಿರಾಣಿ ಅಂಗಡಿಯ ಕ್ಯಾಲೆಂಡರು ನಮ್ಮ ಮನೆಯಲ್ಲಿಯೂ ತೂಗುತ್ತಿತ್ತು. ‘ಹೈದರಾಬಾದ್’ ಎಂದು ಬರೆದ ಚೀಟಿಯೊಂದನ್ನು ಮಡಚಿ, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟುಕೊಂಡು ಮೇಲೆ ಹೋದೆ. ನಮಸ್ಕಾರ ಮಾಡಿದೆ. ಪತ್ರಿಯ ಕೆಳಗಿನಿಂದ ಒಂದು ಚೀಟಿ ಎತ್ತಿದೆ, ಕೈ ಮೇಲೆ ಬರುವಷ್ಟರಲ್ಲಿ ಬೆರಳ ತುದಿಯಲ್ಲಿ ನನ್ನದಿತ್ತು. ಅದನ್ನು ವೈನಿಯ ಕೈಗೆ ಕೊಟ್ಟೆ. ಅವರು ಬಿಚ್ಚಿ ನೋಡಿದರು. ಮುಖದ ಬಣ್ಣ ಹೋಯಿತು. ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಮತ್ತೊಮ್ಮೆ ಓದಿ, “ಹೈದರಾಬಾದ್” ಎಂದರು. ಸಂಗಪ್ಪ, “ಆತಲ್ಲ! ಮುಗೀತು!” ಎಂದು ಹಗುರಾಗಿಬಿಟ್ಟ.

ಮೆಟ್ಟಿಲಿಳಿಯುತ್ತ ಅಂಗೈಯಲ್ಲಿ ಉಳಿದ ಚೀಟಿಯನ್ನು ಬಿಚ್ಚಿದೆ. ವೈನಿಯ ದುಂಡನೆಯ ಅಕ್ಷರದಲ್ಲಿ ‘ಗದಗ’ ಎಂದಿತ್ತು. ಎಂದರೆ ದೇವರು ಹೋಗಿರೆಂದೇ ಹೇಳಿದ್ದ; ನಾನು ಅವನ ಬಾಯಿ ಮುಚ್ಚಿ ನನ್ನ ಮಾತು ಆಡಿಸಿದ್ದೆ. ಅಲ್ಲಿಯವರೆಗೆ ಗೆಳೆಯನಿಗೆ ಮೋಸಮಾಡಿದೆನೆಂದಷ್ಟೇ ಅಂದುಕೊಂಡಿದ್ದವನು ಆ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಡಚಿ ಜೇಬಿನ ತಳಕ್ಕೆ ತುರುಕಿದೆ. ಮರುದಿನ ಸಂಗಪ್ಪ ಎಂದಿನಂತೆ ಬಂದು, ಎಂದಿನಂತೆ ಎಲೆ ಆರಿಸಿ, ಎಂದಿನಂತೆ ತಲೆ ಹಿಡಿದುಕೊಂಡ. ನನಗೆ ಮಾತ್ರ ಅದರ ರುಚಿ ಕೆಟ್ಟಿತ್ತು. ಆದರೂ ಆರು ವರ್ಷ ಬಾಯಿ ಬಿಡಲಿಲ್ಲ. ಹೇಡಿತನಕ್ಕೂ ನಿತ್ಯದ ಅಭ್ಯಾಸ ಬೇಕು, ಅದನ್ನೂ ತಪ್ಪದೆ ಮಾಡಿದೆ.

ಈ ಶ್ರಾವಣ ಸೋಮವಾರ ವೈನಿ ಊಟಕ್ಕೆ ಕರೆದಿದ್ದರು. ಜಗಲಿಗೆ ಕೈಮುಗಿಯುವಾಗ, ವೀರಭದ್ರನ ಪಾದದ ಬಳಿ ಒಂದು ಬೆಳ್ಳಿಯ ಡಬ್ಬಿ, ಅದರೊಳಗೆ ವಿಭೂತಿ ಮೆತ್ತಿ ಮೆತ್ತಿ ಹಪ್ಪಳದಂತಾದ ಒಂದು ಕಾಗದ ಕಂಡಿತು. ಏನು ವೈನಿ ಇದು ಎಂದೆ. ಅವರು ಕೆನ್ನೆ ಮುಟ್ಟಿಕೊಂಡು, “ಅದು ದೇವರು ಸ್ವಂತ ಕೈಲೆ ಬರದ ಚೀಟಿ ರಿ. ದಿನಾ ಪತ್ರಿ ಏರಸ್ತೀನಿ” ಎಂದರು.

ನನ್ನ ಅಕ್ಷರಕ್ಕೆ ಶಾಲೆಯ ಮಾಸ್ತರರು ಬೆತ್ತ ಕೊಟ್ಟಿದ್ದರು, ಮೇಲಧಿಕಾರಿಗಳು ಮೆಮೊ ಕೊಟ್ಟಿದ್ದರು. ಪತ್ರಿ ಏರಿಸಿದವರು ಇದೇ ಮೊದಲು.

ಮರುದಿನ ಬೆಳಿಗ್ಗೆ ಮೇಲೆ ಹೋಗಿ, ಇಬ್ಬರನ್ನೂ ಕೂರಿಸಿ, ಎಲ್ಲವನ್ನೂ ಹೇಳಿಬಿಟ್ಟೆ. ಆ ಚೀಟಿ ನಾನು ಬರೆದದ್ದು, ದೇವರು ಕೊಟ್ಟದ್ದು ಗದಗ, ಅದು ನನ್ನ ಕೈಯಲ್ಲಿ ಉಳಿದಿತ್ತು ಎಂದೆ. ವೈನಿ ಎದ್ದು ಡಬ್ಬಿ ತಂದರು. ಕನ್ನಡಕ ಹಾಕಿಕೊಂಡು ಆ ಹಪ್ಪಳವನ್ನು ಉಗುರಿನಿಂದ ಕೆರೆದು ನೋಡಿದರು.

“ಅಕ್ಷರ ನಂದಲ್ಲ ಅಂತ ಅವತ್ತ ಗೊತ್ತಾಗಿತ್ರಿ” ಎಂದರು. “ದೇವರು ಬರದಾನ ಅಂದ್ಕೊಂಡೆ. ಇಷ್ಟು ಕೆಟ್ಟ ಬರೀತಾನಲ್ಲ, ಪಾಪ, ಸಾಲಿಗೆ ಹೋಗಿಲ್ಲೇನೋ ಅಂತನೂ ಅನಿಸಿತ್ತು.”

“ನಿಂದಲ್ಲ ಅಂತ ಗೊತ್ತಿದ್ದರ ಯಾಕ ಕೇಳಲಿಲ್ಲ ನೀನು?” ಎಂದ ಸಂಗಪ್ಪ.

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು. “ಹೆಂಗ ಕೇಳ್ಲಿರಿ? ನಾ ಎರಡೂ ಚೀಟಿಗೆ ಗದಗ ಅಂತನ ಬರದಿದ್ದೆ.”

ಎರಡರಲ್ಲಿಯೂ ಗದಗ ಬರೆದಿಟ್ಟ ಹೆಂಗಸಿಗೆ ‘ಹೈದರಾಬಾದ್’ ಎಂಬ ಚೀಟಿ ಬಂದಾಗ ಏನಾಗಿರಬೇಕು! ತನ್ನ ಕಪಟ ದೇವರಿಗೆ ತಿಳಿದುಬಿಟ್ಟಿದೆ, ಅವನೇ ಲೇಖಣಿ ಹಿಡಿದು ತಿದ್ದಿದ್ದಾನೆ ಎಂದು ಆ ತಾಯಿ ಆರು ವರ್ಷ ಸೋಮವಾರದ ಉಪವಾಸ ಮಾಡಿದ್ದರು. ದೇವರ ಮಾತನ್ನು ತಿರುಚಿದೆನೆಂದು ನಾನು ಕೆಳಗಿನ ಮಹಡಿಯಲ್ಲಿ ನಿದ್ದೆಗೆಟ್ಟಿದ್ದೆ. ನಮ್ಮಿಬ್ಬರ ನಡುವೆ ಆ ವೀರಭದ್ರನಿಗೆ ಬಾಯಿ ಬಿಡಲು ಸಂದು ಎಲ್ಲಿತ್ತು?

“ಹಂಗಾರ ದೇವರನ್ನ ಯಾರೂ ಕೇಳೇ ಇಲ್ಲಲ್ರಿ!” ಎಂದು ಸಂಗಪ್ಪ ಗಾಬರಿಯಾದ. ಮೊದಲು ನಕ್ಕವರು ವೈನಿ; ಆಮೇಲೆ ನಾನು; ಯಾಕೆ ನಗುತ್ತಿದ್ದೇವೆಂದು ತಿಳಿಯದೆಯೇ ಕೊನೆಗೆ ಸಂಗಪ್ಪ. ಅವನೇ ಕಣ್ಣೊರೆಸಿಕೊಂಡು, “ಆತು ಬಿಡ್ರಿ, ಈಗ ಖರೇಖರೇ ಒಮ್ಮೆ ಚೀಟಿ ಹಾಕೋಣು” ಎಂದ.

ವೈನಿಯ ನಗು ನಿಂತಿತು. “ಚೀಟಿ ಬ್ಯಾಡ” ಎಂದರು. “ನನ್ನ ಕೇಳ್ರಿ. ಆವಾಗನೂ ನನ್ನ ಕೇಳಿದ್ರ ಸಾಕಿತ್ತು. ಅಕ್ಕಗ ಆಗ ಕಣ್ಣು ಕಾಣ್ತಿದ್ವು. ಈಗ ಫೋನಿನಾಗ ದನಿ ಕೇಳಿ ಗುರ್ತು ಹಿಡೀತಾಳ, ಹತ್ರ ಹೋಗಿ ನಿಂತರೂ ಅಷ್ಟ.”

ಮನಸ್ಸು ಓದುತ್ತೇನೆಂದು ಸಭೆಗಳಲ್ಲಿ ಕಣ್ಣು ಮುಚ್ಚಿ ನಿಂತವನು ನಾನು. ಮೇಲಿನ ಮಹಡಿಯಲ್ಲಿದ್ದ ಒಂದು ಮನಸ್ಸಿನಲ್ಲಿ ಆರು ವರ್ಷ ಒಂದೇ ಊರಿನ ಹೆಸರಿತ್ತು. ಅದು ನನಗೆ ಗೊತ್ತಿದ್ದೂ ಓದಲಿಲ್ಲ. ವೈನಿಯ ಕಾಲಿಗೆ ಬಿದ್ದೆ. ಅವರು, “ಏಳ್ರಿ ಗುರಪ್ಪಾರ, ನಿಮ್ಮ ಜೋಡಿ ನಾನೂ ಬೀಳಬೇಕಾಗ್ತೈತಿ, ಯಾರ ಕಾಲಿಗೆ ಅಂತ ತಿಳಿವಲ್ದು” ಎಂದರು. ತಿಂಗಳು ತುಂಬುವುದರೊಳಗೆ ಅವರ ಸಾಮಾನು ಗದಗಿಗೆ ಹೋಯಿತು. ಲಾರಿಗೆ ಪೆಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ. ನನ್ನ ಕೈ ಖಾಲಿಯಿದೆಯೇ ಎಂದು ಶಾಂತಾ ಎರಡು ಸಲ ತಿರುಗಿಸಿ ನೋಡಿದಳು.

ದಸರೆ ಮುಗಿದ ಮೇಲೆ ನಾನೂ ಗದಗಿಗೆ ಹೋದೆ. ಗಂಗಕ್ಕನ ಮುಂದೆಯೂ ತಪ್ಪೊಪ್ಪಿಕೊಳ್ಳಬೇಕೆಂಬುದು ವೈನಿ ವಿಧಿಸಿದ ಶಿಕ್ಷೆ. ಎಂಬತ್ತರ ಹತ್ತಿರದ ಮುದುಕಿ, ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತು, ಎಲ್ಲವನ್ನೂ ಕೇಳಿದಳು. ಸಿಟ್ಟಾದಳೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. “ಅದೇನು ಮಾಡ್ತಿಯೋ, ನನ್ನ ಮುಂದ ಮಾಡು” ಎಂದಳು. ಕಾಣಿಸದವರ ಮುಂದೆ ಇಸ್ಪೀಟು ಹೇಗೆ ಆಡಿಸಲಿ ಎಂದು ನಾನು ತಡವರಿಸುತ್ತಿದ್ದಂತೆ, ಅವಳು ಕೈಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ನಾನು ಎಲೆಯನ್ನು ಅಂಗೈಗೆ ಸರಿಸಿದೆ. ಫೋನಿನ ಗುರುವಿಗೂ ತಪ್ಪು ಸಿಗದಷ್ಟು ನಯವಾಗಿಯೇ ಸರಿಸಿದೆ. ಗಂಗಕ್ಕನ ಹೆಬ್ಬೆರಳು ಮೆಲ್ಲನೆ ಬಂದು ನನ್ನ ಅಂಗೈಯ ನಡುವೆ ನಿಂತಿತು.

“ಇಲ್ಲೇ ಐತಲ್ಲೋ” ಎಂದಳು. ಸಂಗಪ್ಪ ತಲೆ ಹಿಡಿದುಕೊಂಡು “ಯಪ್ಪಾ!” ಎಂದ, ಈ ಸಲ ನನಗಲ್ಲ, ಅವಳಿಗೆ.

ಗಂಗಕ್ಕ ನನ್ನ ಕೈಯನ್ನು ಬಿಡಲಿಲ್ಲ. ಎಲೆಯ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿ, “ಇಷ್ಟಾ ಜಾಗದಾಗ ನನ್ನ ತಂಗೀನ ಆರು ವರ್ಷ ಮುಚ್ಚಿಟ್ಟಿದ್ದೆಲ್ಲೋ, ಹುಚ್ಚಪ್ಪಾ” ಎಂದಳು.

ನಾನು ಹೌದು ಅಕ್ಕಾ ಎಂದೆ. ವೈನಿ ಒಳಗಿನಿಂದ ಚಹಾ ತಂದು ನನ್ನ ಮುಂದಿಟ್ಟರು. ಕುಡಿಯಲು ಕೈ ಬಿಡಿಸಿಕೊಳ್ಳಹೋದರೆ ಮುದುಕಿ ಹಿಡಿತವನ್ನು ಇನ್ನಷ್ಟು ಬಿಗಿಮಾಡಿ, “ಚಾ ಎಲ್ಲಿ ಓಡಿ ಹೋಗ್ತದ, ಇನ್ನೊಮ್ಮೆ ಮಾಡು” ಎಂದಳು.