ಶನಿವಾರದ ಕ್ಲಾಸಿಗೆ ಯಾರು ಬರಬೇಕಿತ್ತು

ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ. ನಾನು ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಅರ್ಧ ಕ್ಲಾಸಿನಲ್ಲಿ, ಅರ್ಧ ಇಂಟರ್ನೆಟ್ಟಿನಲ್ಲಿ ನಡೆಯುವ ಹೊಸ ಕೋರ್ಸೊಂದನ್ನು ರೂಪಿಸುವ ಕೆಲಸ ನನ್ನ ಪಾಲಿಗೆ ಬಂತು. ನೌಕರಿ ಮಾಡುವವರು ಮನೆಯಲ್ಲೇ ಪಾಠ ಓದಲಿ, ಹಾಸ್ಟೆಲಿನವರು ಕ್ಲಾಸಿಗೆ ಬರಲಿ ಎಂದುಕೊಂಡಿದ್ದೆ.

ಮೊದಲ ಶನಿವಾರ ಹೋಗಿ ನೋಡಿದರೆ ಹಾಸ್ಟೆಲಿನವರು ಒಬ್ಬರೂ ಇಲ್ಲ. ಎಲ್ಲರೂ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಪಾಠ ಓದುತ್ತಿದ್ದರಂತೆ. ಕ್ಲಾಸಿಗೆ ಬಂದವರು ನೌಕರಿಯವರೇ. ಬೀದರ್ ಕಡೆಯ ಹೆಣ್ಣುಮಗಳೊಬ್ಬಳು ಊರಂಚಿನ ಲಿಂಗಂಪಲ್ಲಿಯಿಂದ ರೈಲಿನಲ್ಲಿ ಬಂದಿದ್ದಳು.

“ನಿಮಗ ತ್ರಾಸ ಆಗಬಾರದಂತನ ಪಾಠ ಇಂಟರ್ನೆಟ್ಟಿಗೆ ಹಾಕೀನಲ್ಲ?” ಎಂದೆ.

“ಎಲ್ಲಾ ಓದೀನ್ರಿ ಸರ್. ಆಫೀಸಿನ್ಯಾಗೂ ದಿನಾ ಕಂಪ್ಯೂಟರ್ ಮುಂದನ ಕುಂದರ್ತೀನಿ. ಇಲ್ಲಿ ನಾಕು ಮಂದಿ ಜೋಡಿ ಮಾತಾಡಾಕ ಬಂದೀನಿ.”

ಓದಿ ಬಂದವರಿಗೆ ಮತ್ತೇನು ಕಲಿಸುವುದು? ತೋಚದೆ ಸೀಮೆಸುಣ್ಣ ಹಿಡಿದು ನಿಂತೆ. ಅವಳೇ ಮಾತು ತೆಗೆದಳು: ತಮ್ಮ ಓಣಿಯಲ್ಲಿ ಮನೆ ಬಾಡಿಗೆ ಏರಿದಂತೆ ಆ ಮನೆ ಕಟ್ಟುವವರ ಕೂಲಿ ಯಾಕೆ ಏರಲಿಲ್ಲ? ಹಿಂದಿನ ಬೆಂಚಿನವರು ತೆಲುಗು, ಹಿಂದಿಯಲ್ಲಿ ವಾದಕ್ಕಿಳಿದರು. ನಾನೂ ಒಂದು ಬೆಂಚಿನಲ್ಲಿ ಕೂತೆ. ಊಟದ ಹೊತ್ತಾದರೂ ಯಾರೂ ಏಳಲಿಲ್ಲ.

ಶನಿವಾರದ ಕ್ಲಾಸು ಇರಲಿ, ಆದರೆ ಅಲ್ಲಿ ಪಾಠ ಬೇಡ ಎಂದು ಸೋಮವಾರ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಹಾಗಾದರೆ ಅಲ್ಲಿ ನೀವು ಮಾಡುವುದೇನು ಎಂದು ಅವರು ಕೇಳಿದರು. ಬೆಂಚಿನಲ್ಲಿ ಕೂತು ಅವರ ವಾದ ಕೇಳುತ್ತೇನೆ ಎಂದೆ. ಅವರು ಒಪ್ಪಿಗೆ ಕೊಟ್ಟರು.